ಮಾತ್ರೆ ಡಬ್ಬಿಯ ಚೀಟಿ

ರಾಮನಗರ
ಶನಿವಾರ, 12 ನವೆಂಬರ್ 2005

ಅವ್ವನಿಗೆ ರಾಧಾಮಣಿಯ ನಮಸ್ಕಾರ.

ಒಂದು ಮಾತನ್ನು ಬರೆಯದೇ ಬಿಡುವುದರಲ್ಲಿದ್ದೆ. ಅದನ್ನೇ ಮೊದಲು ಬರೆದುಬಿಡುತ್ತೇನೆ. ತಂಗಿ ಭಾನುಪ್ರಿಯಳ ಮಾತ್ರೆ ಡಬ್ಬಿಯಲ್ಲಿದ್ದ ಇಂಗ್ಲಿಷ್ ಚೀಟಿಯನ್ನು ನಾನು ಓದಿದ್ದೆ. ಫಿಟ್ಸ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು ಎಂದು ಅದರಲ್ಲಿತ್ತು. ಅವಳ ಮದುವೆಗೆ ಹದಿನೈದು ದಿನವಿದ್ದಾಗ ನೀನು ಆ ಡಬ್ಬಿಯನ್ನು ಒಲೆಗೆ ಹಾಕಿದೆ. "ಎರಡ್ ವರ್ಸದಿಂದ ಬಂದಿಲ್ಲ, ಹೋಗೈತೆ ಬುಡು. ಬೀಗರ ಮನೇಲಿ ಮಾತ್ರೆ ಕಂಡ್ರೆ ಏನಂದಾರು?" ಎಂದವಳೂ ನೀನೇ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ. ಸೋದರಮಾವನ ಮನೆಯಲ್ಲಿಟ್ಟು ಕಾನ್ವೆಂಟಿಗೆ ಕಳಿಸಿದ್ದು ಬಾಯಿ ಮುಚ್ಚಿಕೊಂಡು ನಿಲ್ಲಲೆಂದೇ? ಸಂಬಂಧ ತಪ್ಪೀತೆಂದು ನಾನೂ ಹೆದರಿದ್ದೆ.

ಮೊನ್ನೆ ಬುಧವಾರ ಭಾನು ಕೆಲಸಕ್ಕೆ ಹೋಗುವ ರೇಷ್ಮೆ ಫಿಲೇಚರಿನಲ್ಲಿ ಆದದ್ದನ್ನು ತಮ್ಮ ಅಶ್ವಥ್ ನಿನಗೆ ಅರ್ಧ ಹೇಳಿದ್ದಾನೆ. ಪೂರ್ತಿ ಕೇಳು. ರೇಷ್ಮೆಗೂಡು ಬೇಯುವ ಬಿಸಿನೀರಿನ ತೊಟ್ಟಿಯ ಮುಂದೆ ಎಳೆ ತೆಗೆಯುತ್ತ ಕೂತಿದ್ದಾಗ ಅವಳಿಗೆ ಫಿಟ್ಸ್ ಬಂತು. ಬಲಗೈ ಮೊಣಕೈವರೆಗೆ ನೀರೊಳಗೆ. ಸುತ್ತಲಿದ್ದವರು ಕೈಗೆ ಕೊಡಲು ಕಬ್ಬಿಣ ಹುಡುಕಿಕೊಂಡು ಓಡಿದರು. ಕಬ್ಬಿಣ! ಯಾರೋ ಬೀಗದ ಕೈ ತಂದು ಎಡಗೈಗೆ ತುರುಕಿದರು. ಬಲಗೈ ಬೇಯುತ್ತಲೇ ಇತ್ತು. ಪಕ್ಕದ ತೊಟ್ಟಿಯ ಅಮೀರುನ್ನೀಸಾ, "ಕಬ್ಬಿಣ ಆಮೇಲೆ ಹುಡುಕ್ರೋ, ಮೊದ್ಲು ಕೈ ಎಳೀರೋ" ಎಂದು ಕೂಗುತ್ತ ಬಂದು ತಾನೇ ಎಳೆದು ಹಾಕಿದಳು.

ಇಲ್ಲಿಯ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬೆಂದ ಕೈಗೆ ಪಟ್ಟಿ ಕಟ್ಟಿ, ಫಿಟ್ಸಿಗೆ ಅದೇ ಹಳೆಯ ಮಾತ್ರೆ ಬರೆದರು. ಔಷಧಿ ಕಿಟಕಿಯವನು, "ಸ್ಟಾಕಿಲ್ಲಮ್ಮ, ಮುಂದಿನ್ ವಾರ ಬಾ" ಎಂದ. ಬೆಂಗಳೂರು ರಸ್ತೆಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿವೆ, ಕಾರು ಇಲ್ಲೇ ತಯಾರಾಗುತ್ತದೆ. ಒಂದು ಬಿಳಿ ಮಾತ್ರೆಗೆ ಮಾತ್ರ ಇಲ್ಲಿಗೆ ದಾರಿ ಗೊತ್ತಿಲ್ಲ. ಕೊನೆಗೆ ಬೆಂಗಳೂರಿಗೇ ಹೋಗಿ ತಂದೆ. ಅಲ್ಲಿ ಫಿಟ್ಸ್ ಮಾತ್ರೆಯ ಸಾಲಿನಲ್ಲಿ ನಮ್ಮೂರು ತಿಪ್ಪಸಂದ್ರದವರೇ ಮೂವರು ಕಂಡರು. ಆ ಮೂರು ಮನೆಗಳಲ್ಲೂ ನಾವು ಉಂಡಿದ್ದೇವೆ, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನನ್ನನ್ನು ನೋಡಿ ಮುಖ ತಿರುಗಿಸಿದರು. ನಾನೂ ತಿರುಗಿಸಿದೆ.

ಈಗ ನೀನು ಫೋನಿನಲ್ಲಿ, ಮಾತ್ರೆ ಬಿಡಿಸಿ ಮೂರು ಶುಕ್ರವಾರ ಕಬ್ಬಾಳಿನ ಗುಡಿಗೆ ಕರೆದುಕೊಂಡು ಬಾ ಎನ್ನುತ್ತೀಯ. ಮಾತ್ರೆ ಬಿಡು ಎಂದು ಕಬ್ಬಾಳಮ್ಮ ಯಾರಿಗೂ ಹೇಳಿಲ್ಲ. ಮಾತ್ರೆ ನುಂಗಿಸಿಯೇ ಕರೆತರುತ್ತೇನೆ, ಇಲ್ಲವೆಂದರೆ ಕರೆತರುವುದೇ ಇಲ್ಲ. ಇದರಲ್ಲಿ ನಿನ್ನ ಮಾತು ನಡೆಯುವುದಿಲ್ಲ, ಅವ್ವ.

ಇದುವರೆಗೆ ಊರವರ ಮುಂದೆ ಓದಬಹುದಾದ ಕಾಗದಗಳನ್ನೇ ಬರೆದೆ. ಇದನ್ನೂ ಜಗಲಿಯ ಮೇಲೆ ಕೂತು ಅಶ್ವಥನ ಕೈಲಿ ಗಟ್ಟಿಯಾಗಿ ಓದಿಸು. ಆ ಮೂರು ಮನೆಯವರೂ ಕೇಳಲಿ.

ನಿನ್ನ ಮಗಳು,
ರಾಧಾಮಣಿ

ತಾ.ಕ.: ಯಾರಿಗೆ ಹೆದರಿ ಮುಚ್ಚಿಟ್ಟೆವೋ ಆ ಬೀಗಿತ್ತಿ ಚಿಕ್ಕತಾಯಮ್ಮ ನಿನ್ನೆ ಭಾನುವಿಗೆ ತುತ್ತು ಮಾಡಿ ತಿನ್ನಿಸುತ್ತ ನನಗೆ ಹೇಳಿದರು: "ನಮ್ಮಣ್ಣಂಗೂ ಇತ್ತು ಕಣವ್ವ. ಮಾತ್ರೆ ನುಂಗ್ಕಂಡೇ ಕೊನೇತನ್ಕ ಹೊಲ ಉತ್ತ. ಒಂದ್ಮಾತ್ ಹೇಳಿದ್ರೆ ನಾನ್ ಇವಳ್ನ ಆ ನೀರ್ ಮುಂದೆ ಕೂರುಸ್ತಿದ್ನಾ?" ಚೀಟಿಯ ವಿಷಯ ಅವರಿಗಿನ್ನೂ ಹೇಳಿಲ್ಲ. ನಾಳೆ ಹೇಳುತ್ತೇನೆ. ಹೇಳಿದ ಮೇಲೆಯೇ ಈ ಕಾಗದ ಅಂಚೆಗೆ: ಸೋಮವಾರ, ನವೆಂಬರ್ 14.