ನಿಧಾನವಾಗಿ ಮೆಟ್ಟಿಲು ಹತ್ತುತ್ತಿದ್ದವಳಿಗೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಉಸಿರು ಸರಾಗವಾಗಿದೆಯೇ, ಕಾಲು ಊದಿಲ್ಲ ತಾನೇ, ಮಲಗಿದರೆ ನಿದ್ದೆ ಬರುತ್ತಿದೆಯೇ? ‘ಚೆನ್ನಾಗಿದ್ದೀನಿ’ ಎಂದು ಒಂದೇ ಪದದಲ್ಲಿ ಮುಗಿಸಬೇಡ. ನಿನ್ನ ಆ ಪದವನ್ನು ಈ ಮನೆಯಲ್ಲಿ ಯಾರೂ ಯಾವತ್ತೂ ನಂಬಿಲ್ಲ.

ಈಗ ಮೂರು ತಿಂಗಳು ಎಂದು ನೀನು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಹೃದಯದ ಡಾಕ್ಟರೂ ಹೆರಿಗೆ ಡಾಕ್ಟರೂ ಒಟ್ಟಿಗೆ ಕೂತು, ಅಪಾಯವಿದೆ, ಆದರೆ ಕಣ್ಣಿಟ್ಟು ನೋಡಿಕೊಂಡರೆ ದಾಟಬಹುದು ಎಂದರಂತಲ್ಲ, ಅದನ್ನು ಮತ್ತೊಮ್ಮೆ ಓದಿದೆ. ಅಮ್ಮನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. “ನೀನು ದೊಡ್ಡವಳು, ಈ ಬಸಿರು ಬೇಡ ಅಂತ ನೀನೇ ಬರಿ. ನಾನು ಹೇಳ್ದೆ ಅನ್ಬೇಡ” ಎಂದು ಪೆನ್ನು ಕೈಗಿಟ್ಟು ಅಡುಗೆಮನೆಗೆ ಹೋಗಿದ್ದಾಳೆ. ಪಾತ್ರೆಗಳ ಸದ್ದು ಜೋರಾಗಿದೆ.

ಬರೆಯಲು ಕೂತರೆ ಹಳೆಯ ಮನೆಯ ಮೆಟ್ಟಿಲುಗಳೇ ಕಣ್ಣ ಮುಂದೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಹುಟ್ಟುವಾಗಲೇ ಹೃದಯದಲ್ಲಿ ತೂತಿದ್ದ ನಿನ್ನನ್ನು, ಆಪರೇಷನ್ ಆದ ಮೇಲೂ ಅಪ್ಪ ಹೆಗಲ ಮೇಲೇ ಹೊತ್ತು ತರುತ್ತಿದ್ದ. ಒಂದು ದಿನ ನೀನು, “ಇಳ್ಸಪ್ಪಾ, ನಾನೇ ಬರ್ತೀನಿ. ನಿಂಗೇನು ಅರ್ಜೆಂಟು?” ಎಂದುಬಿಟ್ಟೆ. ಅಂದಿನಿಂದ ಪ್ರತಿ ತಿರುವಿನಲ್ಲೂ ಕೂತು, ಸುಧಾರಿಸಿಕೊಂಡು ಬರುವ ಪದ್ಧತಿ ಶುರುವಾಯಿತು. ಗಡಿಯಾರ ರಿಪೇರಿ ತಾತನ ಕೆಮ್ಮು, ಪಿಟೀಲು ಮೇಡಂ ಮನೆಯ ಜಗಳ, ಯಾರ ಬೆಕ್ಕು ಎಲ್ಲಿ ಮರಿ ಹಾಕಿತು, ಎಲ್ಲ ಸುದ್ದಿಯೂ ನಿನ್ನ ಜೊತೆ ಮೇಲೆ ಬರುತ್ತಿತ್ತು. “ಇವಳಿಗೆ ಹೃದಯ ಅರ್ಧ, ಕಿವಿ ನಾಲ್ಕು” ಎಂದು ನಕ್ಕ ಅಮ್ಮ ತಟ್ಟನೆ ಬಾಯಿ ಮುಚ್ಚಿಕೊಂಡದ್ದು ನೆನಪಿದೆಯಾ? ಒಂದೇ ಉಸಿರಿಗೆ ಓಡಿ ಹತ್ತುತ್ತಿದ್ದ ನನಗೆ ಆ ಕಟ್ಟಡದಲ್ಲಿ ಯಾರ ಪರಿಚಯವೂ ಇರಲಿಲ್ಲ.

ನಿನ್ನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂದು ಡಾಕ್ಟರು, ಟೀಚರು, ನೆಂಟರು, ಎಲ್ಲರನ್ನೂ ಕೇಳಿದೆವು. ನಿನ್ನನ್ನು ಕೇಳಿದ ನೆನಪು ನನಗಿಲ್ಲ. ಈಗ ‘ಬೇಡ’ ಎಂದು ಬರೆದರೆ ಅದು ಪ್ರೀತಿಯೋ, ನನ್ನ ಹೆದರಿಕೆಯೋ? ಹೆದರಿಕೆ ಇಲ್ಲವೆಂದು ಸುಳ್ಳು ಹೇಳಲಾರೆ. ಆದರೂ ಆ ಪದ ಕೈಗೆ ಬರುತ್ತಿಲ್ಲ, ಪುಟ್ಟೀ. ಮಾತ್ರೆ ತಪ್ಪಿಸಬೇಡ. ಎದೆ ಸ್ವಲ್ಪ ಹೊಡೆದುಕೊಂಡರೂ ಯಾರ ಮುಲಾಜೂ ನೋಡದೆ ಡಾಕ್ಟರಿಗೆ ಫೋನ್ ಮಾಡು.

ನೀನು, ನಿನ್ನ ಗಂಡ, ಒಳಗಿರುವ ಪುಟಾಣಿ, ಮೂವರೂ ಸುಖವಾಗಿರಿ. ‘ಮೂವರೂ’ ಎಂದು ಬರೆಯುವಾಗ ಕೈ ತಡೆಯಿತು, ಹೊಡೆದು ಹಾಕಲಿಲ್ಲ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು, “ಬರೆದ್ಯಾ?” ಎಂದಳು. ಬೇಡ ಅಂತ ಬರೆದಿಲ್ಲ ಎಂದೆ. ಸೆರಗಿನಲ್ಲಿ ಕೈ ಒರೆಸಿಕೊಂಡಳು. ಆಮೇಲೆ, “ಹಾಗಾದ್ರೆ ಮುಂದಿನ ಸಲ ಡಾಕ್ಟ್ರ ಹತ್ರ ಹೋಗೋವಾಗ ನಾನೂ ಇರ್ತೀನಿ ಅಂತ ಬರಿ. ಹೆರಿಗೆ ಆಗೋವರೆಗೂ ಅಲ್ಲೇ. ಬೈಬೇಕು ಅಂದ್ರೆ ಹತ್ರ ಇರ್ಬೇಕಲ್ವಾ?” ಎಂದಳು. ಟಿಕೆಟ್ ಮಾಡಿಸುತ್ತಿದ್ದೇನೆ. ಅವಳಿಗೊಂದು ಹಾಸಿಗೆ ಹೊಂದಿಸಿಡು.