ಮಾಸ್ಕಿನೊಳಗಿಂದ ಊದಿದ್ದು

ಅಮ್ಮಾ,

ನೀನು ಹೋದ ಮೇಲೆ ಇಂಥದ್ದನ್ನೆಲ್ಲ ಯಾರಿಗೆ ಹೇಳಲಿ? ಈ ಪತ್ರ ನಿನಗೆ ಮುಟ್ಟುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಇವತ್ತು ಟಾನ್ಸಿಲ್ ಆಪರೇಷನ್ನಿಗೆ ನಾನು ಅರಿವಳಿಕೆ ಕೊಡಬೇಕಾಗಿದ್ದ ಹುಡುಗಿ ಮಹಾ ಜೋರು. "ಏನೂ ಆಗಲ್ಲ ಪುಟ್ಟಿ, ಇರುವೆ ಕಚ್ಚಿದ ಹಾಗೆ ಅಷ್ಟೆ," ಎಂದು ಇಂಜೆಕ್ಷನ್ ಬಗ್ಗೆ ನರ್ಸ್ ಅಂದರೆ, "ಸುಳ್ಳು!" ಎಂದು ಕೈ ಎಳೆದುಕೊಂಡಳು.

ನನ್ನ ತರಚಿದ ಮಂಡಿಗೆ ಔಷಧಿ ಹಚ್ಚುವಾಗ ನೀನು ಎಂದೂ ಸುಳ್ಳು ಹೇಳಿದವಳಲ್ಲ. "ಉರಿಯುತ್ತೆ, ತಡ್ಕೋ," ಎಂದು ಮೊದಲೇ ಹೇಳಿ, ಆಮೇಲೆ ಊದುತ್ತಿದ್ದೆ.

ನಾನೂ ನಿಜವನ್ನೇ ಹೇಳಿದೆ. "ನಿದ್ದೆ ಬರಿಸೋ ಈ ಬಿಳಿ ಔಷಧಿ ನರದಲ್ಲಿ ಹೋಗುವಾಗ ಉರಿಯುತ್ತೆ. ಅದಕ್ಕೇ ಮೊದಲು ಮರಗಟ್ಟಿಸೋ ಔಷಧಿ ಕೊಡ್ತೀನಿ. ಆಮೇಲೂ ಉರಿದ್ರೆ ನನ್ನನ್ನ ಬೈಯಿ."

"ಉರಿದ್ರೆ ಊದ್ತೀರಾ?"

ಮರಗಟ್ಟಿಸುವ ಔಷಧಿ ಕೊಟ್ಟು, ಬಿಳಿಯದನ್ನು ಬಿಡುತ್ತಾ ಮಾಸ್ಕಿನೊಳಗಿಂದಲೇ ಊದಿದೆ. ಗಾಳಿ ಅವಳ ಕೈವರೆಗೆ ಎಲ್ಲಿ ಹೋಗಬೇಕು! ಬಟ್ಟೆ ಉಬ್ಬಿದ್ದು ನೋಡಿ ಕಿಸಕ್ಕನೆ ನಕ್ಕಳು, ಹುಬ್ಬು ಕೂಡ ಗಂಟಿಕ್ಕದೆ ನಿದ್ದೆಹೋದಳು. ಕೆಲಸ ಮಾಡಿದ್ದು ಮರಗಟ್ಟಿಸುವ ಔಷಧಿಯೇ, ಗೊತ್ತು.

ಎಚ್ಚರವಾದಾಗ "ಅಮ್ಮ" ಎಂದಳು. ಅವಳಮ್ಮ ಬಾಗಿಲಲ್ಲೇ ನಿಂತಿದ್ದಳು.

ನಾನು ಬಟ್ಟೆ ಬದಲಿಸುವ ಕೋಣೆಗೆ ಹೋಗಿ, ಮಾಸ್ಕ್ ತೆಗೆದು, ನನ್ನ ಮಂಡಿಯ ಹಳೆಯ ಕಲೆಯ ಮೇಲೆ ಊದಿಕೊಂಡೆ.

ಬರೀ ಗಾಳಿ ಬಂತು, ಅಮ್ಮಾ.