ಅಮ್ಮ ಲೈನಲ್ಲಿದ್ದಾಳೆ

ಭಾನುವಾರ, ಮಾರ್ಚ್ ೯

ನನ್ನ ಗಲಾಟೆ ಗುಂಡನಿಗೆ,

ಅಮ್ಮನ ಆಶೀರ್ವಾದ, ಎಡಗೈಯಿಂದ. ನಾನೂ ನಿನ್ನ ಅಕ್ಕನೂ ಇರುವ ಹಾಗೆ ಇದ್ದೇವೆ. ಕಾಗದ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಈ ಕೈಗೆ ಅಕ್ಷರ ಕಲಿಸುವುದರಲ್ಲಿ ಚಳಿಗಾಲವೇ ಕಳೆದುಹೋಯಿತು. ಅಕ್ಷರಗಳು ಒಂದನ್ನೊಂದು ಗುದ್ದಿಕೊಂಡು ನಡೆಯುತ್ತಿವೆ, ನಿನ್ನ ಒಂದನೇ ಕ್ಲಾಸಿನ ಕಾಪಿ ಪುಸ್ತಕದ ಹಾಗೆ. ಆಗ ನಿನ್ನ ಕಿವಿ ಹಿಂಡಿದ್ದೆ. ಈಗ ನನ್ನ ಕಿವಿ ಹಿಂಡುವವರು ಯಾರೂ ಇಲ್ಲ. "ನೀನು ಬರೆದು ತೋರ್ಸು, ನಾನು ಮೊಬೈಲಲ್ಲಿ ಕಳಿಸ್ತೀನಿ" ಎಂದಳು ಅಕ್ಕ. ಬೇಡವೆಂದು ತಲೆಯಾಡಿಸಿದೆ. ಇದು ನಿನಗೂ ನನಗೂ ಸೇರಿದ ವಿಷಯ, ಅವಳು ನಡುವೆ ಬಂದರೆ ತಿದ್ದುತ್ತಾಳೆ.

ಡಾಕ್ಟರು ಮೊನ್ನೆಯೂ ಅದನ್ನೇ ಹೇಳಿದರು. ತಲೆ ನೆಟ್ಟಗಿದೆ, ಕಿವಿ ಚೆನ್ನಾಗಿದೆ, ಲಕ್ವ ಹೊಡೆದ ನಾಲಿಗೆಯೂ ಬಲಗೈಯೂ ಮಾತ್ರ ಹೇಳಿದ ಹಾಗೆ ಕೇಳುವುದಿಲ್ಲ. ಹೀಗಾಗಿ ಹೊಲಿಗೆ ನಿಂತಿದೆ. ಅರ್ಧ ಹೊಲಿದ ಬಟ್ಟೆಗಳನ್ನು ಅಕ್ಕ ಅವರವರ ಮನೆಗೆ ವಾಪಸು ಕೊಟ್ಟು ಬಂದಳು. ಹೇಳಬೇಕಾದ್ದನ್ನು ಗುರುತು ಹಾಕುವ ಸೀಮೆಸುಣ್ಣದಲ್ಲಿ ಕಪ್ಪು ಬಟ್ಟೆಯ ತುಂಡಿನ ಮೇಲೆ ಬರೆದು ತೋರಿಸುತ್ತೇನೆ. ಜಗಳವಾಡಲು ಹೋದರೆ ಬರೆದು ಮುಗಿಸುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಾರೆ. ಬೈಯದೆ ಬದುಕುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಪಕ್ಕದ ಮನೆಯ ಮೇಷ್ಟ್ರು ದಿನಾ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ನೀವು ನಮ್ಮ ನಡುಮನೆಯಲ್ಲಿ ಪ್ರಾಕ್ಟೀಸು ಶುರು ಮಾಡಿದಾಗ ಗೋಡೆ ಗುದ್ದುತ್ತಿದ್ದವರು ಇವರೇ ಅಲ್ಲವೇ, ಇವರಿಂದಲೇ ನಿಮ್ಮ ಬ್ಯಾಂಡಿಗೆ 'ಪಕ್ಕದ್ಮನೆ ದೂರು' ಎಂದು ಹೆಸರು ಬಂತಲ್ಲ. ನಿನ್ನೆ ಕೇಳಿದರು: "ಏನಮ್ಮಾ, ಹುಡುಗರು ಬರೋದೇ ಇಲ್ವಾ? ಮನೆ ಒಂಥರಾ ಬಿಕೋ ಅನ್ನುತ್ತೆ." ನಾನು ನಗಲು ನೋಡಿದೆ. ಬಾಯಿ ಒಂದು ಕಡೆಗೆ ಮಾತ್ರ ನಕ್ಕಿತು. ಅದನ್ನು ನೋಡಲಾರದೆ ಅವರು ಬೇಗ ಹೊರಟುಬಿಟ್ಟರು.

ಕಳೆದ ವಾರ ಗುಡುಗ ಬಂದಿದ್ದ. ಡ್ರಮ್ಮಿನ ಮುಂದೆ ಕೂತರೆ ಮನೆ ಕಿತ್ತು ಹಾಕುವವನು, ನನ್ನ ಅಡುಗೆಮನೆಯ ಮಣೆಯ ಮೇಲೆ ಕೈ ಕಟ್ಟಿಕೊಂಡು ಕೂತ. "ಅಮ್ಮಾ, ಹದಿನೈದನೇ ತಾರೀಕು ಶನಿವಾರ ಅದೇ ಹಾಲಲ್ಲಿ ಶೋ ಇದೆ. ಗಿಟಾರ್ ಬಾರಿಸೋ ಕಡ್ಡಿನೂ ನಾನೂ ರೆಡಿ. ಅವನೇ ಒಪ್ತಿಲ್ಲ. ಇನ್ಮೇಲೆ ಹಾಡೋದೇ ಇಲ್ಲ, ಬ್ಯಾಂಡು ಮುಚ್ಚಿಬಿಡಿ ಅಂತಾನೆ. ಪ್ರೆಸ್ಸಿನ ಕೆಲಸ ಮುಗ್ಸಿ ರೂಮಿಗೆ ಬಂದು, ಆವತ್ತಿನ ರೆಕಾರ್ಡಿಂಗ್ ಹಾಕ್ಕೊಂಡು ಕೇಳ್ತಾ ಕೂರ್ತಾನೆ" ಎಂದ. ಆಮೇಲೆ ತನ್ನ ಕೈಗಳನ್ನೇ ನೋಡಿಕೊಳ್ಳುತ್ತ, "ಕೊನೇ ಏಟು ಹೊಡ್ದಿದ್ದು ನಾನಲ್ವಾ ಅಮ್ಮಾ" ಎಂದು ಅತ್ತ. ಅಷ್ಟು ದೊಡ್ಡ ಗಂಡಸು ಅಳುವಾಗ ಮಣೆ ಕಿರ್ರೆನ್ನುತ್ತಿತ್ತು. ನನಗೂ ಅಳು ಬಂತು. ಅದಕ್ಕೇ ಈ ಕಾಗದ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. 'ಅಮ್ಮ ಲೈನಲ್ಲಿದ್ದಾಳೆ' ಹಾಡಿನ ನಡುವೆ ನೀನು ನನಗೆ ಫೋನ್ ಮಾಡಿ ಮೈಕಿಗೆ ಹಿಡಿಯುತ್ತಿದ್ದದ್ದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅಮ್ಮ ಪೆದ್ದಿ, ಮಗ ಕೆಲಸದ ಜಾಗದಿಂದ ಮಾತಾಡುತ್ತಿದ್ದಾನೆ ಎಂದುಕೊಳ್ಳುತ್ತಾಳೆ ಎಂದು ನೀವು ಮೂವರೂ ನಂಬಿದ್ದಿರಿ. ಒಂದು ಸಲ ನನ್ನ ದನಿಯೇ ಬಾವಿಯಿಂದ ಬಂದ ಹಾಗೆ ನನಗೆ ತಿರುಗಿ ಕೇಳಿಸಿತು, ಹಿಂದೆ ಜನರ ನಗು. ಕೆಂಡದಂಥ ಸಿಟ್ಟು ಬಂತು. ನನ್ನ ಮಾನ ಬೀದಿಗೆ ತಂದನಲ್ಲ ಎಂದು ಎರಡು ಹೊತ್ತು ಊಟ ಬಿಟ್ಟೆ. ಆದರೆ ಮುಂದಿನ ಶೋ ದಿನ ಸಂಜೆ ಮುಖ ತೊಳೆದು, ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಫೋನ್ ಮುಂದಿಟ್ಟುಕೊಂಡು ಕೂತವಳೂ ನಾನೇ.

ಅಲ್ಲಿಂದ ಮುಂದೆ ನಾನು ಬೈದದ್ದೆಲ್ಲ ಹೊಲಿಯುವಾಗ ಯೋಚಿಸಿ ಇಟ್ಟುಕೊಂಡದ್ದು. "ಶರ್ಟಿಗೆ ಒಂದ್ ಗುಂಡಿನೂ ಇಲ್ವಲ್ಲೋ, ಮದುವೆಗೆ ಹೆಣ್ಣು ನೋಡೋಕೆ ಹೋದ್ರೆ ಅವರು ನಿನ್ನ ಹೊಟ್ಟೆ ನೋಡಿ ಕಳಿಸ್ತಾರೆ" ಎಂದದ್ದು ನೆನಪಿದೆಯೇ? ಆ ಮಾತನ್ನು ನಾಲ್ಕು ರವಿಕೆ ಹೊಲಿಯುವಷ್ಟು ಹೊತ್ತು ತಿದ್ದಿದ್ದೆ. ಜನ ಅದನ್ನು ಹಾಡಿಕೊಂಡು ಕುಣಿದರು, ಕಡ್ಡಿ ಅದರ ಧಾಟಿಯನ್ನೇ ಗಿಟಾರಿನಲ್ಲಿ ಬಾರಿಸಿದ. ಕೊನೆಗೆ ಪ್ರತಿ ಸಲದ ಹಾಗೆ, ನಾನು ಇನ್ನೂ ಬೈಯುತ್ತಿರುವಾಗಲೇ ಗುಡುಗ ಒಂದು ಏಟು ಹಾಕಿದ, ನೀನು ಫೋನ್ ಕಟ್ ಮಾಡಿದೆ, ಹಾಡು ಮುಗಿಯಿತು. ಮಾತು ತುಂಡಾದಾಗ ಒಬ್ಬಳೇ ಕೂತು ನಗುತ್ತಿದ್ದೆ. ನಿಮ್ಮ ಅಪ್ಪ ಹೋದ ಮೇಲೆ ನನ್ನ ಮಾತಿಗೆ ನಕ್ಕವರು ಆ ಹಾಲಿನ ಜನವೇ.

ಆ ಸಂಜೆಯ ವಿಷಯ ಬರೆಯದೆ ಬಿಟ್ಟರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ. ಫೋನ್ ಬಲಗೈಯಿಂದ ಜಾರಿತು, ಎಡಗೈಯಲ್ಲಿ ಎತ್ತಿಕೊಂಡೆ. ನಾಲಿಗೆ ಬಾಯಿತುಂಬ ಊದಿದ ಹಾಗಿತ್ತು. ಜನ ನಕ್ಕರು. ನೀನು ಮೈಕಿನಲ್ಲಿ, "ಅಮ್ಮ ಇವತ್ತು ಬಾಯ್ತುಂಬ ಗುಂಡುಸೂಜಿ ಇಟ್ಕೊಂಡು ಮಾತಾಡ್ತಿದ್ದಾಳೆ" ಎಂದೆ. ಅದರಲ್ಲಿ ತಪ್ಪೇನಿದೆ? ನೀನು ಹುಟ್ಟಿದಾಗಿನಿಂದ ನಾನು ತುಟಿಯ ನಡುವೆ ಸೂಜಿ ಕಚ್ಚಿಕೊಂಡೇ ನಿನ್ನನ್ನು ಊಟಕ್ಕೆ ಕರೆದವಳು. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ. ಜನ ನನ್ನ ತೊದಲನ್ನೇ ಹಾಡಿದರು, ಗುಡುಗ ಏಟು ಹಾಕಿದ, ಫೋನ್ ಕಟ್ಟಾಯಿತು. ಒಲೆಯ ಮೇಲಿನ ಕುಕ್ಕರ್ ಸುಮ್ಮನಾಗದೆ ಕೂಗುತ್ತಿದೆಯೆಂದು ದೂರು ಹೇಳಲು ಬಂದ ಮೇಷ್ಟ್ರು ನನ್ನನ್ನು ನೆಲದ ಮೇಲೆ ಕಂಡರು.

ನೀನು ಆಸ್ಪತ್ರೆಗೆ ಬಂದು ನನ್ನ ಕಾಲ ಬಳಿ ಕೂತಿದ್ದೆ. ಆ ಸಂಜೆ ಅಮ್ಮ ಏನು ಹೇಳುತ್ತಿದ್ದಳೆಂದು ಅಕ್ಕನ ಹತ್ತಿರ ಕೇಳಿದೆಯಂತೆ. ನನಗೆ ನೆನಪಿಲ್ಲ. ಸುಮ್ಮನೆ ಗೊಣಗಿರುತ್ತೇನೆ, ದಿನಾ ಗೊಣಗುವ ಹಾಗೆ. ಆ ರೆಕಾರ್ಡಿಂಗನ್ನು ಅಳಿಸಿಬಿಡು.

ಶನಿವಾರ ಹಾಡು. ನಾನು ಹೇಳುತ್ತಿರುವುದು ಇಷ್ಟೇ. ನೀನು ಬಾಯಿ ಮುಚ್ಚಿಕೊಂಡು ಕೂತ ಮಾತ್ರಕ್ಕೆ ನನ್ನ ಬಾಯಿ ತೆರೆಯುವುದಿಲ್ಲ. ಒಂದು ಮನೆಯಲ್ಲಿ ಮಾತು ಹೋದವಳು ಒಬ್ಬಳು ಸಾಕು. ನನಗೆ ಫೋನ್ ಮಾಡಿ ಏನು ಮಾಡಲಿ ಎನ್ನುತ್ತೀಯ. ಗುಡುಗ ಬಂದಾಗ ಒಂದು ಉಪಾಯ ಮಾಡಿದೆವು. ಎಡಗಾಲು ಗಟ್ಟಿಯಾಗಿದೆ. ಹೊಲಿಗೆ ಯಂತ್ರದ ಪಕ್ಕ ಫೋನ್ ಇಟ್ಟು ನಾನು ಪೆಡಲ್ ತುಳಿದೆ. ಬಟ್ಟೆಯಿಲ್ಲ, ದಾರವಿಲ್ಲ, ಬರೀ ಸದ್ದು. ಅವನು ಹಿತ್ತಿಲಿಗೆ ಹೋಗಿ ತನ್ನ ಫೋನಿನಲ್ಲಿ ಕೇಳುತ್ತ ಬಕೆಟ್ಟು ಬಾರಿಸಿದ. ಒಳಗೆ ಬಂದು, "ಅಮ್ಮಾ, ನಿಮ್ ತಾಳ ಸರಿಯಾಗಿದೆ, ಇಷ್ಟ್ ದಿನ ನಾನೇ ತಾಳ ಬಿಟ್ಟು ಓಡ್ತಿದ್ದೆ" ಎಂದ. ಆವತ್ತು ಗೋಡೆಯ ಆಚೆಯಿಂದ ಮೇಷ್ಟ್ರು ಎರಡು ಸಲ ಗುದ್ದಿದರು. ಎಷ್ಟು ಸಂತೋಷವಾಯಿತೆಂದು ಬರೆಯಲು ಬರುವುದಿಲ್ಲ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಶರ್ಟಿನ ಗುಂಡಿ ನೀನೇ ಹಾಕಿಕೊಳ್ಳುವುದನ್ನು ಕಲಿ. ನಿನ್ನ ಗಂಟಲು ಚೆನ್ನಾಗಿರಲಿ, ನೂರು ಕಾಲ ಗಲಾಟೆ ಮಾಡು ಮಗನೇ.

ನಿನ್ನ ಬಾಯಿಬಡುಕಿ,
ಅಮ್ಮ

ಮತ್ತೆ ಬರೆದದ್ದು: ಲಕೋಟೆಗೆ ಹಾಕಿದ ಕಾಗದವನ್ನು ಹೊರಗೆ ತೆಗೆದಿದ್ದೇನೆ. ನೆನಪಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನೀನು ಅದನ್ನೇ ಕೇಳುತ್ತ ಕೂತಿರುವವನು, ಎಂದಾದರೂ ಒಂದು ದಿನ ನಿನಗೆ ತಿಳಿದೇ ತಿಳಿಯುತ್ತದೆ. ಆ ರೂಮಿನಲ್ಲಿ ಒಬ್ಬನೇ ತಿಳಿದುಕೊಳ್ಳುವುದಕ್ಕಿಂತ ನಾನೇ ಹೇಳುವುದು ಮೇಲು. ಕೈ ಬಿದ್ದುಹೋಗಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ, ನಿನ್ನ ದನಿಯೊಂದೇ ಇತ್ತು. ಹಾಡು ಮುಗಿಯುತ್ತ ಬಂತೆಂದು, ಏಟು ಈಗ ಬೀಳುತ್ತದೆಂದು ನನಗೆ ಗೊತ್ತಿತ್ತು. "ಫೋನ್ ಇಡ್ಬೇಡ ಮಗಾ, ಇಡ್ಬೇಡ" ಎನ್ನುತ್ತಿದ್ದೆ. ಜನರೆಲ್ಲ ಸೇರಿ ಹಾಡಿದ್ದು ಅದನ್ನೇ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಅಂದಿನಿಂದ ನೀನು ಒಂದು ಸಲವೂ ಫೋನ್ ಮಾಡಿಲ್ಲ. ಮಾತಾಡಲಾರದವಳಿಗೆ ಯಾಕೆ ಎಂದುಕೊಂಡೆಯೋ ಏನೋ. ನನಗೆ ಕಿವಿ ಕೇಳಿಸುತ್ತದೆ ಕಂದಾ. ನೋಯುವುದು ಅದೊಂದೇ. ಶನಿವಾರ ಫೋನ್ ಮಾಡು. ಗುಡುಗ ಎಷ್ಟು ಏಟು ಬೇಕಾದರೂ ಹಾಕಲಿ, ನೀನು ಇಡಬೇಡ. ಈ ಸಲ ನಾನೇ ಇಡುತ್ತೇನೆ.